ಯಾವ ಬಾಕಿ ಮೊದಲು, ಯಾವ ಹಣದಿಂದ: ಸಾಲ ತೀರಿಸುವ ದಾರಿಗಳ ಹೋಲಿಕೆ

ತಿಂಗಳ ಸಂಬಳದ ಮೇಲೆ ನಡೆಯುವ ಮನೆಯಲ್ಲಿ ಇಂದು ಸಾಲ ಒಂದೇ ಕಡೆ ಇರುವುದು ಅಪರೂಪ. ಕ್ರೆಡಿಟ್ ಕಾರ್ಡಿನ ಬಾಕಿ, ಪರ್ಸನಲ್ ಲೋನಿನ ಇಎಂಐ, ಸೊಸೈಟಿಯ ಸಾಲ, ಮೊಬೈಲ್ ಫೋನಿನ ಕಂತು, ಭಾವನಿಂದಲೋ ಚಿಕ್ಕಪ್ಪನಿಂದಲೋ ಪಡೆದ ಕೈಸಾಲ, ಇವೆಲ್ಲ ಒಂದೇ ಮನೆಯಲ್ಲಿ ಒಟ್ಟಿಗೆ ಇರುತ್ತವೆ. ಇವನ್ನು ತೀರಿಸಲು ಹೊರಟವರಿಗೆ ಸಿಗುವ ಸಲಹೆಗಳೂ ಅಷ್ಟೇ ಬಗೆಯವು: ಖರ್ಚು ಕಡಿಮೆ ಮಾಡಿ, ಬಳಸದ ಸಾಮಾನು ಮಾರಿ, ಚಿನ್ನ ಅಡವಿಟ್ಟು ಕಾರ್ಡ್ ತೀರಿಸಿ, ಚಿಕ್ಕ ಸಾಲವನ್ನು ಮೊದಲು ಮುಗಿಸಿ. ಇವುಗಳಲ್ಲಿ ಯಾವುದೂ ತಪ್ಪಲ್ಲ, ಆದರೆ ಎಲ್ಲವೂ ಎಲ್ಲ ಸಾಲಕ್ಕೂ ಹೊಂದುವುದಿಲ್ಲ. ಸಾಮಾನು ಮಾರಿದರೆ ಬರುವ ಹಣ ಒಂದು ಸಲದ್ದು, ಮಿತವ್ಯಯದಿಂದ ಉಳಿಯುವ ಹಣ ಪ್ರತಿ ತಿಂಗಳಿನದು. ಈ ಎರಡನ್ನು ಯಾವ ಬಾಕಿಯ ಮೇಲೆ, ಯಾವಾಗ ಹಾಕಬೇಕು ಎಂಬುದೇ ಇಲ್ಲಿಯ ಮುಖ್ಯ ಆಯ್ಕೆ.

ಮೊದಲು ಎಲ್ಲ ಬಡ್ಡಿಯನ್ನೂ ಒಂದೇ ಅಳತೆಗೆ ತನ್ನಿ

ನಮ್ಮ ಊರುಗಳಲ್ಲಿ ಬಡ್ಡಿಯನ್ನು ಹೇಳುವ ಹಳೆಯ ಕ್ರಮವೊಂದಿದೆ. ನೂರು ರೂಪಾಯಿಗೆ ತಿಂಗಳಿಗೆ ಎಷ್ಟು ಎಂದು ಲೆಕ್ಕ ಹಾಕಿ ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಎನ್ನುತ್ತಾರೆ. ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ 36. ಖಾಸಗಿ ಲೇವಾದೇವಿಗಾರರು ಈ ದರ ಹೇಳಿದರೆ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಆದರೆ ಪೂರ್ತಿ ಪಾವತಿಸದೆ ಉಳಿಸಿಕೊಂಡ ಕ್ರೆಡಿಟ್ ಕಾರ್ಡ್ ಬಾಕಿಯ ಮೇಲೆ ಬೀಳುವ ಬಡ್ಡಿ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ಶೇ 3ರಿಂದ ಶೇ 3.75ರವರೆಗೆ ಇದೆ, ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ. ಶೇ 3.5ರ ಕಾರ್ಡಿಗೆ ಜಿಎಸ್‌ಟಿ ಸೇರಿಸಿದರೆ ನೂರಕ್ಕೆ ತಿಂಗಳಿಗೆ 4 ರೂಪಾಯಿ 13 ಪೈಸೆ ಆಗುತ್ತದೆ. ಊರಿನ ಮಾತಿನಲ್ಲಿ ಇದು ನಾಲ್ಕು ರೂಪಾಯಿ ದಾಟಿದ ಬಡ್ಡಿ. ಹೀಗೆ ಹೇಳಿಕೊಂಡಾಗ ಮಾತ್ರ ಅದರ ಭಾರ ಮನಸ್ಸಿಗೆ ತಟ್ಟುತ್ತದೆ.

ಆದ್ದರಿಂದ ಒಂದು ಹಾಳೆಯಲ್ಲಿ ಪ್ರತಿ ಸಾಲದ ಎದುರು ಇಂದಿನ ಬಾಕಿ, ತಿಂಗಳ ಕಂತು ಮತ್ತು ನೂರಕ್ಕೆ ತಿಂಗಳಿಗೆ ಬೀಳುವ ಬಡ್ಡಿಯನ್ನು ಬರೆಯಿರಿ. ಶೇ 15ರ ಪರ್ಸನಲ್ ಲೋನ್ ಒಂದೂಕಾಲು ರೂಪಾಯಿ ಬಡ್ಡಿಯದು, ಶೇ 12ರ ಸೊಸೈಟಿ ಸಾಲ ಒಂದು ರೂಪಾಯಿಯದು. ಇಲ್ಲಿ ಎಚ್ಚರ ಬೇಕಾದದ್ದು ‘ಫ್ಲ್ಯಾಟ್’ ದರದ ವಿಷಯದಲ್ಲಿ. ಒಂದು ಲಕ್ಷ ರೂಪಾಯಿಗೆ ಶೇ 12ರ ಫ್ಲ್ಯಾಟ್ ದರದಲ್ಲಿ ಮೂರು ವರ್ಷಕ್ಕೆ 36,000 ರೂಪಾಯಿ ಬಡ್ಡಿ ಸೇರಿಸಿ, ಒಟ್ಟು ಮೊತ್ತವನ್ನು 36 ಕಂತುಗಳಾಗಿ ಹಂಚಿದರೆ ತಿಂಗಳಿಗೆ 3,778 ರೂಪಾಯಿ ಕಟ್ಟಬೇಕಾಗುತ್ತದೆ. ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೆಯೇ ಬೀಳುತ್ತಿರುವುದರಿಂದ ಇದರ ನಿಜವಾದ ದರ ವರ್ಷಕ್ಕೆ ಸುಮಾರು ಶೇ 21. 2024ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಚಿಲ್ಲರೆ ಸಾಲಗಳಿಗೆ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ವಿವರ ಪತ್ರವನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದರಲ್ಲಿ ಶುಲ್ಕಗಳೂ ಸೇರಿದ ವಾರ್ಷಿಕ ದರ ನಮೂದಾಗಿರುತ್ತದೆ. ಹೋಲಿಕೆಗೆ ಬಳಸಬೇಕಾದದ್ದು ಆ ಅಂಕಿಯನ್ನೇ, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ದರವನ್ನಲ್ಲ.

ದೊಡ್ಡ ಬಡ್ಡಿ ಮೊದಲೋ, ಚಿಕ್ಕ ಬಾಕಿ ಮೊದಲೋ

ಸಾಲ ತೀರಿಸುವ ಅನುಕ್ರಮದ ಬಗ್ಗೆ ಎರಡು ಮತಗಳಿವೆ. ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ತೀರಿಸುವುದು ಒಂದು. ಬಡ್ಡಿ ಎಷ್ಟೇ ಇರಲಿ, ಅತ್ಯಂತ ಚಿಕ್ಕ ಬಾಕಿಯನ್ನು ಮೊದಲು ಮುಗಿಸಿ ಆ ಕಂತನ್ನು ಮುಂದಿನ ಸಾಲಕ್ಕೆ ಸೇರಿಸುತ್ತ ಹೋಗುವುದು ಇನ್ನೊಂದು. ಎರಡನ್ನೂ ಒಂದು ಕಲ್ಪಿತ ಮನೆಯ ಲೆಕ್ಕದಲ್ಲಿ ಇಟ್ಟು ನೋಡೋಣ.

ಹಾಸನದಂಥ ಊರಿನಲ್ಲಿ ಬಾಡಿಗೆ ಮನೆಯಲ್ಲಿರುವ ಕುಟುಂಬವೊಂದಕ್ಕೆ ತಿಂಗಳಿಗೆ 48,000 ರೂಪಾಯಿ ಕೈಗೆ ಬರುತ್ತದೆ ಎಂದುಕೊಳ್ಳಿ. ಕಾರ್ಡಿನಲ್ಲಿ 60,000 ರೂಪಾಯಿ ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಮತ್ತು ಜಿಎಸ್‌ಟಿ. ಪರ್ಸನಲ್ ಲೋನಿನಲ್ಲಿ 1,80,000 ರೂಪಾಯಿ ಉಳಿದಿದೆ, ಶೇ 15 ಬಡ್ಡಿ, ಇನ್ನೂ ಮೂರು ವರ್ಷ 6,240 ರೂಪಾಯಿಯ ಇಎಂಐ. ಸೊಸೈಟಿಯಲ್ಲಿ 24,000 ರೂಪಾಯಿ, ಶೇ 12 ಬಡ್ಡಿ, ಹನ್ನೆರಡು ಕಂತು, ಪ್ರತಿಯೊಂದು ಸುಮಾರು 2,130 ರೂಪಾಯಿ. ಇದರ ಜೊತೆಗೆ ಬಡ್ಡಿಯಿಲ್ಲದ 30,000 ರೂಪಾಯಿ ಕೈಸಾಲ. ಲೋನು ಮತ್ತು ಸೊಸೈಟಿಯ ಕಂತು ಕಟ್ಟಿ, ಮನೆ ಖರ್ಚು ಕಳೆದು ತಿಂಗಳಿಗೆ 8,000 ರೂಪಾಯಿ ಸಾಲಕ್ಕೆಂದು ಎತ್ತಿಡಲು ಇವರಿಗೆ ಸಾಧ್ಯವಿದೆ. ಕಾರ್ಡನ್ನು ಹೊಸ ಖರೀದಿಗೆ ಬಳಸುವುದಿಲ್ಲ ಎಂಬುದು ಲೆಕ್ಕದ ಷರತ್ತು.

ಆ 8,000 ಪೂರ್ತಿ ಕಾರ್ಡಿಗೆ ಹೋದರೆ ಹತ್ತನೆಯ ತಿಂಗಳಿನಲ್ಲಿ ಕಾರ್ಡು ತೀರಿ, ಆ ತಿಂಗಳು ಮಿಕ್ಕ ಹಣದಿಂದ ಸೊಸೈಟಿಯ ಸಾಲವೂ ಮುಗಿಯುತ್ತದೆ, ಮತ್ತು ಎರಡಕ್ಕೂ ಸೇರಿ ಕಟ್ಟಿದ ಬಡ್ಡಿ ಸುಮಾರು 14,800 ರೂಪಾಯಿ. ಇದಕ್ಕೆ ಬದಲಾಗಿ ಕಾರ್ಡಿಗೆ ತಿಂಗಳಿಗೆ 3,000 ಮಾತ್ರ ಕಟ್ಟಿ, ಉಳಿದ 5,000ವನ್ನು ಸೊಸೈಟಿಗೆ ಹಾಕಿದರೆ ಸೊಸೈಟಿಯ ಸಾಲ ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಆದರೆ ಕಾರ್ಡು ಹನ್ನೊಂದನೆಯ ತಿಂಗಳವರೆಗೆ ಎಳೆಯುತ್ತದೆ, ಒಟ್ಟು ಬಡ್ಡಿ ಸುಮಾರು 18,500 ರೂಪಾಯಿ. ವ್ಯತ್ಯಾಸ ಸುಮಾರು 3,700 ರೂಪಾಯಿ ಮತ್ತು ಒಂದು ತಿಂಗಳು.

ಲೆಕ್ಕದಲ್ಲಿ ಮೊದಲನೆಯ ದಾರಿ ಗೆಲ್ಲುತ್ತದೆ, ನನ್ನ ಒಲವೂ ಅದರ ಕಡೆಗೇ. ಆದರೂ ಎರಡನೆಯ ದಾರಿಯನ್ನು ಹಗುರವಾಗಿ ತಳ್ಳಿಹಾಕಬಾರದು. ಸಂಬಳ ಸರಿಯಾಗಿ ಬಾರದ ಕೆಲಸದಲ್ಲಿರುವವರಿಗೆ, ಹೆರಿಗೆಯೋ ಶಸ್ತ್ರಚಿಕಿತ್ಸೆಯೋ ಹತ್ತಿರವಿರುವ ಮನೆಗೆ, ಕಡ್ಡಾಯವಾಗಿ ಕಟ್ಟಲೇಬೇಕಾದ ಕಂತೊಂದು ಐದನೆಯ ತಿಂಗಳಿನಿಂದಲೇ ಇಲ್ಲವಾಗುವುದು ದೊಡ್ಡ ಆಸರೆ. ಹಾಗೆಯೇ ಹಿಂದೆ ಒಂದೆರಡು ಬಾರಿ ಶುರುಮಾಡಿ ನಡುವೆ ಕೈಬಿಟ್ಟವರಿಗೆ, ಒಂದು ಸಾಲ ಕಣ್ಣೆದುರೇ ಪೂರ್ತಿ ಮುಗಿದರೆ ಸಿಗುವ ಧೈರ್ಯ 3,700 ರೂಪಾಯಿಗಿಂತ ಹೆಚ್ಚು ಬೆಲೆಯದಾಗಬಹುದು. ಚಿಕ್ಕ ಸಾಲ ಮೂರು ನಾಲ್ಕು ತಿಂಗಳಲ್ಲಿ ಮುಗಿಯುವಂತಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಅದಕ್ಕೂ ಮೀರಿದರೆ ಕಾರ್ಡಿನ ಬಡ್ಡಿ ಆ ಧೈರ್ಯವನ್ನೇ ತಿಂದುಬಿಡುತ್ತದೆ.

ಯಾವ ಕಾರಣಕ್ಕೂ ಆರಿಸಬಾರದ ಮೂರನೆಯ ದಾರಿ ಎಂದರೆ ಕಾರ್ಡಿನ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋಗುವುದು. 60,000 ಬಾಕಿಯ ಮೇಲೆ ಮೊದಲ ತಿಂಗಳಿಗೇ 2,100 ರೂಪಾಯಿ ಬಡ್ಡಿ, 378 ರೂಪಾಯಿ ಜಿಎಸ್‌ಟಿ ಬೀಳುತ್ತದೆ. 3,000 ಕಟ್ಟಿದವರ ಅಸಲಿನಿಂದ ಕಳೆಯುವುದು 522 ರೂಪಾಯಿ ಮಾತ್ರ. ಜೊತೆಗೆ, ಹಿಂದಿನ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಇವತ್ತು ಕೊಂಡ ಸಾಮಾನಿಗೆ ಇವತ್ತಿನಿಂದಲೇ ಬಡ್ಡಿ. ಆದ್ದರಿಂದ ಕಾರ್ಡಿನ ಬಾಕಿ ಇರುವಷ್ಟು ದಿನ ಆ ಕಾರ್ಡು ಪರ್ಸಿನಲ್ಲಿಯೂ ಇರಬಾರದು, ಆನ್‌ಲೈನ್ ಅಂಗಡಿಗಳಲ್ಲಿ ಉಳಿಸಿಟ್ಟ ವಿವರಗಳಲ್ಲಿಯೂ ಇರಬಾರದು.

ಕೈಸಾಲವನ್ನು ಈ ಪಟ್ಟಿಯಲ್ಲಿ ಎಲ್ಲಿಡಬೇಕು ಎಂಬುದು ಬಡ್ಡಿಯಿಂದ ತೀರ್ಮಾನವಾಗುವ ವಿಷಯವಲ್ಲ. ಬಡ್ಡಿಯಿಲ್ಲದ ಹಣವೆಂದು ಅದನ್ನು ಕೊನೆಗೆ ಹಾಕುವುದು ಲೆಕ್ಕಕ್ಕೆ ಸರಿ. ಆದರೆ ಕೊಟ್ಟವರೂ ನಮ್ಮಂತೆಯೇ ಸಂಬಳದವರಾಗಿದ್ದರೆ, ಅವರ ಮಗಳ ಕಾಲೇಜಿನ ಶುಲ್ಕ ಬರುವ ತಿಂಗಳು ನಮಗೆ ಗೊತ್ತಿದ್ದರೆ, ಆ ತಿಂಗಳೊಳಗೆ ಅದನ್ನು ಮುಟ್ಟಿಸುವುದೇ ಸರಿ. ಕನಿಷ್ಠಪಕ್ಷ ‘ಕಾರ್ಡ್ ಸಾಲ ಮುಗಿದ ತಕ್ಷಣ ಇಂಥ ತಿಂಗಳಿನಿಂದ ತಿಂಗಳಿಗೆ ಐದು ಸಾವಿರದಂತೆ ಕೊಡುತ್ತೇನೆ ಭಾವ’ ಎಂದು ಮುಂಚೆಯೇ ಎದುರು ಕೂತು ಹೇಳಬೇಕು. ಕೇಳುವವರೆಗೆ ಸುಮ್ಮನಿದ್ದರೆ ಕೆಡುವುದು ಹಣದ ವ್ಯವಹಾರವಷ್ಟೇ ಅಲ್ಲ.

ಒಂದು ಸಾಲದಿಂದ ಇನ್ನೊಂದನ್ನು ತೀರಿಸುವುದು

ದುಬಾರಿ ಸಾಲವನ್ನು ಅಗ್ಗದ ಸಾಲದಿಂದ ತೀರಿಸುವ ದಾರಿಯಲ್ಲಿ ಲಾಭವೂ ಅಪಾಯವೂ ದೊಡ್ಡದು, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೇಲಿನ ಲೆಕ್ಕದ ಮನೆಯವರು ಬ್ಯಾಂಕಿನಲ್ಲಿ ಶೇ 10ರ ಚಿನ್ನದ ಸಾಲ ಪಡೆದು ಕಾರ್ಡಿನ 60,000 ಒಮ್ಮೆಗೇ ಕಟ್ಟಿದರೆ, ತಿಂಗಳ ಬಡ್ಡಿ 2,478 ರೂಪಾಯಿಯಿಂದ 500 ರೂಪಾಯಿಗೆ ಇಳಿಯುತ್ತದೆ. ಅದೇ 8,000ವನ್ನು ತಿಂಗಳು ತಿಂಗಳೂ ಚಿನ್ನದ ಸಾಲಕ್ಕೆ ಕಟ್ಟಿದರೆ ಎಂಟು ತಿಂಗಳಲ್ಲಿ ಮುಗಿಯುತ್ತದೆ, ಒಟ್ಟು ಬಡ್ಡಿ ಸುಮಾರು 2,200 ರೂಪಾಯಿ. ಕಾರ್ಡಿಗೇ ಕಟ್ಟುತ್ತ ಹೋಗಿದ್ದರೆ ಅದು 13,300 ರೂಪಾಯಿ ಆಗುತ್ತಿತ್ತು. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನಗಳ ಪ್ರಕಾರ 2.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ 85ರವರೆಗೆ, 5 ಲಕ್ಷದವರೆಗೆ ಶೇ 80, ಅದಕ್ಕೂ ಮೇಲ್ಪಟ್ಟರೆ ಶೇ 75ರವರೆಗೆ ಕೊಡಬಹುದು. ಇವನ್ನು ಪೂರ್ತಿ ಜಾರಿಗೆ ತರಲು 2026ರ ಏಪ್ರಿಲ್ 1ರ ಗಡುವು ಕೊಡಲಾಗಿತ್ತು. ಎಷ್ಟು ಸಿಗುತ್ತದೆಯೋ ಅಷ್ಟನ್ನೂ ಪಡೆಯಬೇಕೆಂದೇನಿಲ್ಲ. ಕಾರ್ಡಿನ ಬಾಕಿ 60,000 ಆಗಿರುವಾಗ, ಬಳೆಗೆ ಒಂದು ಲಕ್ಷ ಸಿಗುತ್ತದೆಂದು ಒಂದು ಲಕ್ಷವನ್ನೇ ಪಡೆದ ದಿನ ಈ ದಾರಿ ಹಾಳಾಗುತ್ತದೆ.

ಹಲವು ಚಿನ್ನದ ಸಾಲಗಳಲ್ಲಿ ತಿಂಗಳ ಕಂತು ಇರುವುದಿಲ್ಲ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟಬೇಕು. ಈ ಸಡಿಲಿಕೆಯೇ ತೊಂದರೆಗೆ ದಾರಿ. ಕೇಳುವವರಿಲ್ಲದೆ ಹನ್ನೊಂದು ತಿಂಗಳು ಕಳೆದು, ಕೊನೆಗೆ ನವೀಕರಿಸಿ, ಮತ್ತೆ ನವೀಕರಿಸಿ, ಹರಾಜಿನ ನೋಟಿಸ್ ಬರುವವರೆಗೆ ಹೋದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಹಾಗಾಗಿ ತಿಂಗಳು ತಿಂಗಳೂ ಭಾಗಶಃ ಪಾವತಿ ಮಾಡಲು ಅವಕಾಶವಿದೆಯೇ ಎಂದು ಮೊದಲೇ ಕೇಳಿ, ಇದ್ದರೆ ಮಾತ್ರ ಮುಂದುವರಿಯಿರಿ. ಆಭರಣ ಯಾರದೋ ಅವರ ಒಪ್ಪಿಗೆ ಇಲ್ಲದೆ ಅದನ್ನು ಬ್ಯಾಂಕಿಗೆ ಒಯ್ಯಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಗಂಡನ ಕಾರ್ಡ್ ಸಾಲಕ್ಕೆ ಹೆಂಡತಿಯ ತವರಿನ ಬಳೆ ಹೋಗುವುದಾದರೆ, ತಿಂಗಳ ಪಾವತಿಯ ರಸೀದಿ ಅವಳ ಕೈಯಲ್ಲಿಯೇ ಇರಬೇಕು.

ಮನೆಯಲ್ಲಿ ಎಫ್‌ಡಿ ಇದ್ದೂ ಕಾರ್ಡಿನ ಬಡ್ಡಿ ಕಟ್ಟುವವರು ಕಡಿಮೆಯಿಲ್ಲ. ಶೇ 6–7 ಗಳಿಸುವ ಠೇವಣಿಯನ್ನು ಕಾಯ್ದುಕೊಂಡು ಶೇ 42 ಕೊಡುವುದರಲ್ಲಿ ಅರ್ಥವಿಲ್ಲ. ಒಂದು ತಿಂಗಳ ಮನೆ ಖರ್ಚನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಒಡೆದು ಕಾರ್ಡಿಗೆ ಕಟ್ಟುವುದು ಎಲ್ಲಕ್ಕಿಂತ ಸರಳ. ಕಾರ್ಡಿನ ಬಾಕಿಯನ್ನು ಅದೇ ಬ್ಯಾಂಕಿನಲ್ಲಿ ಇಎಂಐಗೆ ಪರಿವರ್ತಿಸಿಕೊಳ್ಳುವುದು ಚಿನ್ನವೂ ಠೇವಣಿಯೂ ಇಲ್ಲದವರಿಗೆ ಒಳ್ಳೆಯ ಆಯ್ಕೆ. ಸಂಸ್ಕರಣಾ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಾಕಬೇಕು.

ಚೀಟಿಯನ್ನು ಬೇಗ ಕೂಗಿ ಎತ್ತಿ ಸಾಲ ತೀರಿಸುವ ರೂಢಿಯೂ ನಮ್ಮಲ್ಲಿದೆ. ಮೊದಲ ತಿಂಗಳುಗಳಲ್ಲಿ ಕೂಗು ಜೋರಾಗಿರುವುದರಿಂದ ಒಂದು ಲಕ್ಷದ ಚೀಟಿಯಲ್ಲಿ ಕೈಗೆ ಬರುವುದು ಎಪ್ಪತ್ತೈದು ಸಾವಿರವೂ ಆಗಬಹುದು, ಆದರೆ ಉಳಿದ ಕಂತುಗಳನ್ನೆಲ್ಲ ಕಟ್ಟಲೇಬೇಕು. ಈಗಾಗಲೇ ಅರ್ಧಕ್ಕಿಂತ ಹೆಚ್ಚು ಕಂತು ಕಟ್ಟಿರುವ ಚೀಟಿಯಾದರೆ ಎತ್ತಿ ಕಾರ್ಡಿಗೆ ಹಾಕುವುದು ಸರಿ, ಸಾಲ ತೀರಿಸಲೆಂದೇ ಹೊಸ ಚೀಟಿ ಸೇರುವುದು ಸರಿಯಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತವಾದ ಚೀಟಿಯಲ್ಲಿ ಮಾತ್ರ ಈ ಮಾತು. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ರಸೀದಿಯಿಲ್ಲದ, ಗೆಳೆತನದ ಮೇಲೆ ನಡೆಯುವ ಚೀಟಿಯನ್ನು ಸಾಲದ ಲೆಕ್ಕದೊಳಗೆ ತರಬೇಡಿ.

ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು 2022ರ ರಿಸರ್ವ್ ಬ್ಯಾಂಕ್ ನಿಯಮಗಳು ಹೇಳುತ್ತವೆ. ಪರ್ಸನಲ್ ಲೋನು ಹಾಗಲ್ಲ. ಅವು ಹೆಚ್ಚಾಗಿ ಸ್ಥಿರ ದರದವು, ಮುಂಚಿತವಾಗಿ ಮುಗಿಸಿದರೆ ಉಳಿದ ಅಸಲಿನ ಮೇಲೆ ಶುಲ್ಕ ಬೀಳುವುದು ಸಾಮಾನ್ಯ. ಒಂದೂಕಾಲು ರೂಪಾಯಿ ಬಡ್ಡಿಯ ಲೋನನ್ನು ಶುಲ್ಕ ಕೊಟ್ಟು ಮುಗಿಸುವ ಆತುರ ಬೇಡ, ಮೊದಲು ಕಾರ್ಡು. ‘ನೋ ಕಾಸ್ಟ್’ ಎಂದು ಕೊಂಡ ಫೋನಿನ ಕಂತನ್ನೂ ಅದರ ಪಾಡಿಗೆ ಸಾಗಲು ಬಿಡಿ.

ಮಾರುವುದೋ, ಮಿತಗೊಳಿಸುವುದೋ

ಈಗ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ. ಬಳಸದ ಸಾಮಾನನ್ನು ಮಾರಿ 15,000 ರೂಪಾಯಿ ಒಟ್ಟುಗೂಡಿಸಿ ಮೊದಲ ತಿಂಗಳ ಆರಂಭದಲ್ಲೇ ಕಾರ್ಡಿಗೆ ಕಟ್ಟಿದರೆ, ಉಳಿದ 45,000 ತಿಂಗಳಿಗೆ 8,000ದಂತೆ ಏಳನೆಯ ತಿಂಗಳಿಗೆ ಮುಗಿಯುತ್ತದೆ, ಮತ್ತು ಬಡ್ಡಿ 13,300ರಿಂದ 7,300ಕ್ಕೆ ಇಳಿಯುತ್ತದೆ. ಅಂದರೆ ಹದಿನೈದು ಸಾವಿರದ ಸಾಮಾನು ಆರು ಸಾವಿರದ ಬಡ್ಡಿಯನ್ನೂ ತಪ್ಪಿಸಿತು. ಅದೇ ಸಾಮಾನನ್ನು ಆರು ತಿಂಗಳ ನಂತರ ಮಾರಿದರೆ ಈ ಲಾಭದ ಬಹುಪಾಲು ಸಿಗುವುದಿಲ್ಲ. ಆದ್ದರಿಂದ ಮನೆ ಖಾಲಿ ಮಾಡುವ ಕೆಲಸ ಮೊದಲ ತಿಂಗಳಿನದು, ಮಿತವ್ಯಯ ಎಲ್ಲ ತಿಂಗಳಿನದು. ಮೊದಲನೆಯದು ಎಷ್ಟೇ ಉತ್ಸಾಹದಿಂದ ನಡೆದರೂ ಒಮ್ಮೆ ಮುಗಿದ ಮೇಲೆ ಮತ್ತೆ ಹಣ ಕೊಡುವುದಿಲ್ಲ. ಅದನ್ನೇ ನೆಚ್ಚಿಕೊಂಡವರು ಮೂರನೆಯ ತಿಂಗಳಿಗೆ ನಿಂತುಬಿಡುತ್ತಾರೆ.

ಯಾವುದನ್ನು ಎಲ್ಲಿ ಮಾರಬೇಕು ಎಂಬುದರಲ್ಲಿಯೂ ಆಯ್ಕೆಗಳಿವೆ. ಹಳೆಯ ಪೇಪರ್, ಮುರಿದ ಕಬ್ಬಿಣದ ಸಾಮಾನುಗಳಿಗೆ ಗುಜರಿ ಅಂಗಡಿಯೇ ಸರಿ, ಹಣ ಕಡಿಮೆಯಾದರೂ ಜಾಗ ಖಾಲಿಯಾಗುತ್ತದೆ. ಅಟ್ಟದ ಮೇಲಿರುವ ಹಿತ್ತಾಳೆ, ತಾಮ್ರದ ಹಂಡೆ ಕೊಳಗಗಳನ್ನು ಗುಜರಿಯವರಿಗೆ ಕೊಡುವ ಮೊದಲು ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಏನು ಬೆಲೆ ಎಂದು ಕೇಳಿ, ಎರಡಕ್ಕೂ ಇರುವ ಅಂತರ ಕೆಲವೊಮ್ಮೆ ಬೆರಗು ಹುಟ್ಟಿಸುವಷ್ಟು. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಹಳೆ ಪುಸ್ತಕದ ಬೀದಿಗಳಿವೆ. ಅವುಗಳಿಗೆ ಬೆಲೆ ಬರುವುದು ಕಾಲೇಜು ಶುರುವಾಗುವ ಹೊತ್ತಿನಲ್ಲಿ. ಟ್ರೆಡ್‌ಮಿಲ್, ಮಂಚ, ಮಕ್ಕಳ ಸೈಕಲ್, ಹೆಚ್ಚುವರಿ ಫ್ರಿಜ್ಜುಗಳಿಗೆ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪು ಒಳ್ಳೆಯದು, ಸಾಗಣೆಯ ಖರ್ಚು ಬೀಳುವುದಿಲ್ಲ. ಅಪರಿಚಿತರಿಗೆ ಆನ್‌ಲೈನ್‌ನಲ್ಲಿ ಮಾರುವಾಗ ಒಂದು ಮಾತನ್ನು ಮರೆಯಬೇಡಿ: ಯುಪಿಐಯಲ್ಲಿ ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಕೊಳ್ಳುವವರು ಹಾಗೆ ಮಾಡಲು ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಬಳಕೆಯಿಲ್ಲದೆ ನಿಂತ ಎರಡನೆಯ ಬೈಕು ಮನೆಯ ಅತ್ಯಂತ ಬೆಲೆಬಾಳುವ ‘ಬಳಸದ ಸಾಮಾನು’ ಆಗಿರುತ್ತದೆ. ಅದನ್ನು ಮಾರಿದರೆ ಒಂದು ಸಲದ ಹಣದ ಜೊತೆಗೆ ವರ್ಷ ವರ್ಷದ ವಿಮೆಯೂ ಉಳಿಯುತ್ತದೆ. ಆದರೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿದ ಮೇಲೆ ಆರ್‌ಟಿಒದಲ್ಲಿ ಹೆಸರು ವರ್ಗಾವಣೆ ಆಗುವವರೆಗೂ ಬೆನ್ನು ಬೀಳಬೇಕು, ಇಲ್ಲದಿದ್ದರೆ ಮುಂದಿನ ಅಪಘಾತದ ನೋಟಿಸ್ ನಿಮ್ಮ ವಿಳಾಸಕ್ಕೇ ಬರುತ್ತದೆ. ಹಬ್ಬದ ಎಕ್ಸ್‌ಚೇಂಜ್ ಕೊಡುಗೆಗಳನ್ನು ಮಾರಾಟವೆಂದು ಎಣಿಸಬೇಡಿ. ಅಲ್ಲಿ ಹಳೆಯ ಟಿವಿಗೆ ಬರುವ ಬೆಲೆ ಸಾಲಕ್ಕೆ ಹೋಗುವುದಿಲ್ಲ, ಹೊಸ ಟಿವಿಯ ಹೊಸ ಕಂತಿಗೆ ಹೋಗುತ್ತದೆ.

ಮಿತವ್ಯಯದಲ್ಲಿ ಎಲ್ಲವನ್ನೂ ಒಮ್ಮೆಗೇ ಹಿಂಡುವುದಕ್ಕಿಂತ, ದೊಡ್ಡದಾಗಿ ಉಳಿಯುವ ಮೂರು ನಾಲ್ಕು ಕಡೆ ಗಟ್ಟಿಯಾಗಿ ನಿಲ್ಲುವುದು ಮೇಲು. ಕಾಫಿಪುಡಿಯ ಗುಣಮಟ್ಟ ಇಳಿಸಿ ಮನೆಮಂದಿಯೆಲ್ಲ ಮುಖ ಸಿಂಡರಿಸಿಕೊಂಡು ಉಳಿಸುವುದು ತಿಂಗಳಿಗೆ ನೂರಿನ್ನೂರು. ಹತ್ತು ನಿಮಿಷದಲ್ಲಿ ಸಾಮಾನು ತರುವ ಆ್ಯಪುಗಳನ್ನು ಫೋನಿನಿಂದ ತೆಗೆದು, ತಿಂಗಳ ಆರಂಭದಲ್ಲಿ ಚೀಟಿ ಬರೆದು ದಿನಸಿ ಅಂಗಡಿಗೆ ಹೋದರೆ ಉಳಿಯುವುದು ಅದರ ಹಲವು ಪಟ್ಟು, ಏಕೆಂದರೆ ಅಲ್ಲಿ ಉಳಿಯುವುದು ಬೆಲೆಯ ಅಂತರ ಮಾತ್ರವಲ್ಲ, ಬೇಡದೆ ಬರುತ್ತಿದ್ದ ಸಾಮಾನಿನ ಇಡೀ ಬೆಲೆ. ಗೃಹಜ್ಯೋತಿಯ ಫಲಾನುಭವಿಗಳು ತಿಂಗಳಿಗೆ 200 ಯೂನಿಟ್ಟಿನ ಗೆರೆಯನ್ನು ಗಮನದಲ್ಲಿ ಇಡಬೇಕು. ಅದನ್ನು ದಾಟಿದ ತಿಂಗಳು ಇಡೀ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಬೇಸಿಗೆಯಲ್ಲಿ ಗೀಸರ್ ಬಿಟ್ಟರೆ ಈ ಗೆರೆಯೊಳಗೆ ಉಳಿಯುವ ಮನೆಗಳು ಬಹಳ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅದರಿಂದ ಉಳಿದ ಬಸ್ ಚಾರ್ಜು ಯಾರಿಗೂ ಕಾಣದೆ ಬೇರೆ ಖರ್ಚಿನಲ್ಲಿ ಕರಗುತ್ತದೆ, ಅದನ್ನು ಲೆಕ್ಕ ಹಾಕಿ ಸಾಲದ ಖಾತೆಗೆ ಹಾಕಿದರೆ ಮಾತ್ರ ಉಳಿತಾಯ. ತಿಂಗಳು ತಿಂಗಳೂ ತಾನಾಗಿಯೇ ಕಡಿತವಾಗುವ ಒಟಿಟಿ, ಆ್ಯಪ್ ಚಂದಾಗಳನ್ನು ಬ್ಯಾಂಕ್ ಖಾತೆಯ ಆಟೋಪೇ ಪಟ್ಟಿಯಲ್ಲಿ ಒಮ್ಮೆ ನೋಡಿ ರದ್ದುಮಾಡುವುದು ಅರ್ಧ ಗಂಟೆಯ ಕೆಲಸ.

ಮಕ್ಕಳ ಹಾಲು, ಹಿರಿಯರ ಔಷಧಿ, ಆರೋಗ್ಯ ವಿಮೆ, ಇವು ಮಿತವ್ಯಯದ ಪಟ್ಟಿಗೆ ಬರಬಾರದು. ವಿಮೆ ಬಿಟ್ಟು ಉಳಿಸಿದ ಹಣವನ್ನು ಒಂದು ವಾರದ ಆಸ್ಪತ್ರೆವಾಸ ಪೂರ್ತಿ ವಾಪಸು ಪಡೆಯುತ್ತದೆ, ಅದೂ ಕಾರ್ಡಿನ ಮೂಲಕ.

ತಿಂಗಳ ಗುರಿ: ಒಂದೇ ಮೊತ್ತವೋ, ತಿಂಗಳಿಗೊಂದು ಮೊತ್ತವೋ

ತಿಂಗಳ ಕೊನೆಗೆ ಉಳಿದಷ್ಟನ್ನು ಸಾಲಕ್ಕೆ ಕಟ್ಟುವವರು, ಸಂಬಳ ಬಂದ ದಿನವೇ ಇಂತಿಷ್ಟೆಂದು ಕಟ್ಟುವವರು, ಹೀಗೆ ಎರಡು ಬಗೆಯವರಿದ್ದಾರೆ. ಮೊದಲನೆಯದರಲ್ಲಿ ಕೊನೆಗೆ ಏನೂ ಉಳಿಯದ ತಿಂಗಳುಗಳೇ ಹೆಚ್ಚು. ಎರಡನೆಯದೇ ಸರಿ, ಆದರೆ ವರ್ಷವಿಡೀ ಒಂದೇ ಮೊತ್ತ ಇಟ್ಟುಕೊಂಡರೆ ಅದೂ ನಮ್ಮ ಬದುಕಿಗೆ ಹೊಂದುವುದಿಲ್ಲ. ನಮ್ಮ ಖರ್ಚು ಹನ್ನೆರಡು ಸಮಭಾಗವಾಗಿ ಬರುವುದಿಲ್ಲ. ಮೇ ಕೊನೆಯಿಂದ ಜೂನ್‌ವರೆಗೆ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ. ಶ್ರಾವಣದ ವರಮಹಾಲಕ್ಷ್ಮಿಯಿಂದ ಗೌರಿ ಗಣೇಶ, ದಸರಾ, ದೀಪಾವಳಿಯವರೆಗೆ ಹಬ್ಬದ ಮೇಲೆ ಹಬ್ಬ. ಬೇಸಿಗೆಯಲ್ಲಿ ಮದುವೆ, ಗೃಹಪ್ರವೇಶ, ಅವುಗಳ ಮುಯ್ಯಿ. ಈ ತಿಂಗಳುಗಳಿಗೂ 8,000 ಎಂದೇ ಬರೆದವರು ಅಕ್ಟೋಬರಿನಲ್ಲಿ ಗುರಿ ತಪ್ಪಿಸಿಕೊಂಡು, ತಪ್ಪಿದ ಬೇಸರದಲ್ಲಿ ನವೆಂಬರನ್ನೂ ಕೈಬಿಡುತ್ತಾರೆ.

ಆದ್ದರಿಂದ ಪಂಚಾಂಗ ಮುಂದಿಟ್ಟುಕೊಂಡು ವರ್ಷದ ಗುರಿಯನ್ನು ಏರುಪೇರಾಗಿ ಹಂಚಿ. ವರ್ಷಕ್ಕೆ 96,000 ಕಟ್ಟಬೇಕಾದರೆ ಜೂನ್ ಮತ್ತು ಹಬ್ಬದ ತಿಂಗಳುಗಳಿಗೆ 5,000, ಉಳಿದವಕ್ಕೆ 9,000–10,000 ಎಂದು ಬರೆಯಬಹುದು. ಆಷಾಢ, ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿ ಶುಭಕಾರ್ಯಗಳು ನಡೆಯದಿರುವುದರಿಂದ ಮುಯ್ಯಿಯೂ ಇಲ್ಲ, ಪ್ರಯಾಣವೂ ಕಡಿಮೆ. ಸಾಲಕ್ಕೆ ಹೆಚ್ಚು ಕಟ್ಟಲು ವರ್ಷದಲ್ಲಿ ಸಿಗುವ ಒಳ್ಳೆಯ ದಿನಗಳು ಇವೇ. ಅದೇ ಆಷಾಢದಲ್ಲಿ ಬಟ್ಟೆ ಅಂಗಡಿಗಳು ರಿಯಾಯಿತಿಯ ಫಲಕ ಹಾಕುತ್ತವೆ ಎಂಬುದನ್ನು ಮನೆಯವರೆಲ್ಲ ಕೂಡಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಮುಯ್ಯಿಗೆ ವರ್ಷಕ್ಕೊಂದು ಮಿತಿ ಇಡುವುದು ನಾಚಿಕೆಯ ವಿಷಯವಲ್ಲ. ಹತ್ತಿರದವರಿಗೆ ಎಷ್ಟು, ದೂರದವರಿಗೆ ಎಷ್ಟು ಎಂದು ಅಪ್ಪ ಅಮ್ಮನ ಜೊತೆ ಕೂತು ನಿಶ್ಚಯಿಸಿದರೆ, ಮದುವೆ ಮನೆಯ ಬಾಗಿಲಲ್ಲಿ ಲಕೋಟೆಗೆ ಇನ್ನೊಂದು ಐನೂರು ಸೇರಿಸುವ ಒತ್ತಡ ಇರುವುದಿಲ್ಲ.

ದಿನದ ಗಳಿಕೆಯವರಿಗೆ, ಅಂದರೆ ಆಟೋ ಓಡಿಸುವವರಿಗೆ, ಚಿಕ್ಕ ಅಂಗಡಿ ಇಟ್ಟವರಿಗೆ, ತಿಂಗಳ ಗುರಿಯನ್ನು ದಿನಕ್ಕೆ ಒಡೆಯದೆ ದಾರಿಯಿಲ್ಲ. ಇದಕ್ಕೆ ನಮ್ಮ ಕರಾವಳಿಯಲ್ಲೇ ಹುಟ್ಟಿದ ಪದ್ಧತಿಯಿದೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಶುರುಮಾಡಿತು. ಏಜೆಂಟರು ಮನೆ, ಅಂಗಡಿಗಳಿಗೇ ಹೋಗಿ ಪುಡಿ ಹಣವನ್ನು ದಿನವೂ ಸಂಗ್ರಹಿಸುತ್ತಿದ್ದರು. ಇಂದಿಗೂ ಅನೇಕ ಸಹಕಾರ ಸಂಘಗಳು ಪಿಗ್ಮಿ ನಡೆಸುತ್ತವೆ. ದಿನಕ್ಕೆ 200 ರೂಪಾಯಿಯ ಪಿಗ್ಮಿ ತಿಂಗಳಿಗೆ 6,000 ಆಗುತ್ತದೆ. ಆದರೆ ಅವಧಿಗೆ ಮೊದಲು ತೆಗೆದರೆ ಹಲವೆಡೆ ಬಡ್ಡಿ ಸಿಗುವುದಿಲ್ಲ, ಕೆಲವೆಡೆ ಕಡಿತವೂ ಇರುತ್ತದೆ. ಹಾಗಾಗಿ ದುಬಾರಿ ಸಾಲ ಇರುವವರು ಅದೇ 200ನ್ನು ಪ್ರತ್ಯೇಕ ಉಳಿತಾಯ ಖಾತೆಗೆ ಹಾಕಿ ವಾರಕ್ಕೊಮ್ಮೆ ಸಾಲಕ್ಕೆ ಕಟ್ಟುವುದು ಲಾಭ. ಖಾತೆಯಲ್ಲಿ ಇಟ್ಟ ಹಣ ಕೈಯಲ್ಲಿ ನಿಲ್ಲದು ಎನ್ನುವವರಿಗೆ ಮಾತ್ರ ಪಿಗ್ಮಿ.

ಕಂತು ಕಟ್ಟಲಾಗದ ತಿಂಗಳು ಬಂದರೆ

ಗುರಿ ತಪ್ಪುವುದಕ್ಕೂ ಕಂತು ತಪ್ಪುವುದಕ್ಕೂ ಅಂತರವಿದೆ. ಕಂತೇ ತಪ್ಪುವ ಪರಿಸ್ಥಿತಿ ಕಂಡರೆ ದಿನಾಂಕಕ್ಕೆ ಮೊದಲೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಅವಧಿ ವಿಸ್ತರಿಸಿ ಕಂತು ಕಡಿಮೆ ಮಾಡಲು ಕೇಳಿ. ಬಾಕಿಯ ಒಂದು ಭಾಗ ಬಿಟ್ಟು ‘ಸೆಟಲ್‌ಮೆಂಟ್’ ಮಾಡಿಕೊಳ್ಳುವುದು ಕೊನೆಯ ಆಯ್ಕೆ, ಏಕೆಂದರೆ ಕ್ರೆಡಿಟ್ ವರದಿಯಲ್ಲಿ ಆ ಸಾಲ ಪೂರ್ತಿ ತೀರಿದ್ದೆಂದು ದಾಖಲಾಗುವುದಿಲ್ಲ, ಮುಂದೆ ಮನೆ ಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ದೂರಿಗೆ ಮೊದಲು ಸಾಲ ಕೊಟ್ಟ ಸಂಸ್ಥೆಯಲ್ಲೇ ಲಿಖಿತ ಮನವಿ, ಅಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್. 14448 ಆ ವ್ಯವಸ್ಥೆಯ ಸಹಾಯವಾಣಿ. ಕಿರುಸಾಲ ಕೊಟ್ಟವರ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆ ನಂತರ ಕಾಯ್ದೆಯಾಗಿದ್ದು, ಅದರಲ್ಲಿ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಮೀಟರ್ ಬಡ್ಡಿಯ ಸಾಲದಲ್ಲಿ ಸಿಕ್ಕಿಕೊಂಡವರು ಅನುಕ್ರಮದ ಲೆಕ್ಕವನ್ನೆಲ್ಲ ಬದಿಗಿಟ್ಟು ಅದನ್ನೇ ಮೊದಲು ಮುಗಿಸಬೇಕು, ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬಾರದು. ಈ ಕಾನೂನುಗಳು ಇರುವುದೇ ಅವರಿಗಾಗಿ.

ಸಾಲ ತೀರಿದ ತಿಂಗಳಿನ ಕೆಲಸಗಳು

ಕೊನೆಯ ಕಂತು ಕಟ್ಟಿದ ಮೇಲೆ ‘ನೋ ಡ್ಯೂ’ ಪತ್ರವನ್ನು ಬರೆಸಿಕೊಂಡು, ಆ ಸಾಲಕ್ಕೆ ಕೊಟ್ಟಿದ್ದ ಆಟೋಪೇ ಆದೇಶವನ್ನು ರದ್ದುಮಾಡಿ, ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿಯಲ್ಲಿ ಖಾತೆ ಮುಚ್ಚಿದೆಯೇ ಎಂದು ನೋಡಿ. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ಸಾಲಕ್ಕೆ ಹೋಗುತ್ತಿದ್ದ 8,000ದಲ್ಲಿ ಕೈಸಾಲದ ಕಂತು ಕಳೆದು ಉಳಿದದ್ದನ್ನು ಮೂರು ತಿಂಗಳ ಮನೆ ಖರ್ಚು ಒಟ್ಟಾಗುವವರೆಗೆ ಆರ್‌ಡಿಗೆ, ಅಂದರೆ ತಿಂಗಳು ತಿಂಗಳೂ ಕಟ್ಟುವ ಠೇವಣಿಗೆ ತಿರುಗಿಸಿ, ಇಲ್ಲದಿದ್ದರೆ ಮುಂದಿನ ಆಸ್ಪತ್ರೆ ಬಿಲ್ಲು ಮತ್ತೆ ಕಾರ್ಡಿಗೇ ಬೀಳುತ್ತದೆ. ಚಿನ್ನ ಅಡವಿಟ್ಟಿದ್ದರೆ, ಪೂರ್ತಿ ಹಣ ಕಟ್ಟಿದ ದಿನವೇ ಅಥವಾ ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಆಭರಣ ಹಿಂದಿರುಗಿಸಬೇಕು, ಸಾಲ ಕೊಟ್ಟವರ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು 2025ರ ನಿರ್ದೇಶನಗಳು ಹೇಳುತ್ತವೆ. ಬಿಡಿಸಿಕೊಳ್ಳಲು ಹೋಗುವಾಗ ಅಡವಿನ ದಿನ ಕೊಟ್ಟ ತೂಕದ ಚೀಟಿಯನ್ನು ಜೊತೆಗೆ ಒಯ್ದು, ಕೌಂಟರಿನಲ್ಲೇ ಆಭರಣವನ್ನು ತೂಗಿಸಿ ನೋಡಿದ ನಂತರವೇ ಸಹಿ ಹಾಕಿ.